ಶಿಲ್ಕು ಸರಿ, ಹಣ ಯಾರದು?

ಖಜಾಂಚಿಯ ಕೆಲಸದ ಜೊತೆಗೆ ನನ್ನ ಕೈಗೆ ಬಂದದ್ದು ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಎರಡು ನಗದು ಪುಸ್ತಕ, ಬರೆದು ಮುಗಿದ ಐದು ರಸೀದಿ ಪುಸ್ತಕ, ಅರ್ಧ ಉಳಿದಿದ್ದ ಚೆಕ್ ಪುಸ್ತಕ, ದಾರಕ್ಕೆ ಪೋಣಿಸಿದ ಬಿಲ್ಲುಗಳು ಮತ್ತು ಲಕೋಟೆಯನ್ನೇ ಒಡೆಯದ ಬ್ಯಾಂಕಿನ ವಿವರಪಟ್ಟಿಗಳು ಇದ್ದವು. ನಮ್ಮದು ಪುಟ್ಟ ಸಂಘ. ಸದಸ್ಯರೇ ಸೇರಿ ಒಂದು ವಾಚನಾಲಯ ನಡೆಸುತ್ತೇವೆ. ಸಂಬಳಕ್ಕಿರುವವರು ಯಾರೂ ಇಲ್ಲ. ನನಗಿಂತ ಮೊದಲು ಖಜಾಂಚಿಯಾಗಿದ್ದವರು ಹನ್ನೊಂದು ವರ್ಷ ಆ ಕೆಲಸವನ್ನು ಒಬ್ಬರೇ ಹೊತ್ತಿದ್ದ ಹಿರಿಯರು. ಪೆಟ್ಟಿಗೆ ಕೊಡುವಾಗ, “ಒಂದು ಕಾಸೂ ಆಚೀಚೆ ಆಗಿಲ್ಲ, ನಿಶ್ಚಿಂತೆಯಿಂದ ಇರಿ” ಎಂದರು. ಅವರ ಮಾತನ್ನು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೂ ವರ್ಷದ ಕೊನೆಯ ದಿನಕ್ಕೆ ನಗದು ಪುಸ್ತಕದಲ್ಲಿದ್ದ ಬ್ಯಾಂಕ್ ಶಿಲ್ಕು, ಅಂದರೆ ಉಳಿದ ಹಣ, 44,169 ರೂಪಾಯಿ. ಬ್ಯಾಂಕಿನ ಪಟ್ಟಿಯಲ್ಲಿದ್ದದ್ದು 48,215.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಹದಿನಾಲ್ಕು ತಿಂಗಳಾಗಿತ್ತು.

ಬ್ಯಾಂಕಿನಲ್ಲಿ ನಮ್ಮ ಲೆಕ್ಕಕ್ಕಿಂತ ಹೆಚ್ಚೇ ಇದೆಯಲ್ಲ, ಚಿಂತೆ ಏಕೆ ಎಂದು ಸಮಿತಿಯಲ್ಲಿ ಇಬ್ಬರು ಕೇಳಿದರು. ಕಡಿಮೆ ಇದ್ದರೆ ಗಾಬರಿಯಾಗಬೇಕು, ಹೆಚ್ಚಿದ್ದರೆ ಸುಮ್ಮನಿರಬಹುದು ಎಂಬ ಭಾವನೆ ಬಹಳ ಜನರಲ್ಲಿದೆ. ನನಗೆ ಅದು ಸರಿ ಕಾಣಲಿಲ್ಲ. 4,046ರ ವ್ಯತ್ಯಾಸ ಒಂದೇ ವ್ಯತ್ಯಾಸ ಆಗಿರಬೇಕೆಂದಿಲ್ಲ. ಹತ್ತಾರು ಹೆಚ್ಚು ಕಡಿಮೆಗಳು ಒಂದನ್ನೊಂದು ಹೊಡೆದುಹಾಕಿ ಉಳಿದ ಶೇಷವೂ ಆಗಿರಬಹುದು. ಆ ಶೇಷದ ಕೆಳಗೆ ಏನೇನು ಅಡಗಿದೆ ಎಂದು ಬಿಡಿಸಿ ನೋಡದೆ ಸಹಿ ಹಾಕಲು ನನಗೆ ಮನಸ್ಸಾಗಲಿಲ್ಲ.

ಮೊದಲ ಸಂಜೆಯೇ ತಲೆ ತಿರುಗಿಸಿದ್ದು ಒಂದು ಪುಟ್ಟ ಪ್ರಶ್ನೆ. ನಾವು ಹಣ ಕಟ್ಟಿದಾಗ ಬ್ಯಾಂಕಿನವರು ಅದನ್ನು ಕ್ರೆಡಿಟ್ ಎನ್ನುತ್ತಾರೆ. ಅದೇ ಹಣವನ್ನು ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಖಾತೆಯ ಡೆಬಿಟ್ ಬದಿಗೆ ಬರೆಯಬೇಕು. ಕ್ರೆಡಿಟ್ ಎಂದರೆ ಬಂದದ್ದು, ಡೆಬಿಟ್ ಎಂದರೆ ಹೋದದ್ದು ಎಂದು ಮೊಬೈಲಿಗೆ ಬರುವ ಸಂದೇಶಗಳಿಂದ ಕಲಿತವರಿಗೆಲ್ಲ ಇಲ್ಲಿ ಗೊಂದಲವಾಗುತ್ತದೆ. ಉತ್ತರ ತಿಳಿದಾಗ ಮಾತ್ರ ಇಡೀ ವಿಷಯವೇ ಬೆಳಕಾಯಿತು. ಬ್ಯಾಂಕಿನಲ್ಲಿಟ್ಟ ಹಣ ನಮ್ಮ ಹೆಸರಿನ ಚೀಟಿ ಅಂಟಿಸಿಕೊಂಡು ಕಪಾಟಿನಲ್ಲಿ ಕುಳಿತಿರುವುದಿಲ್ಲ. ಅದು ನಾವು ಬ್ಯಾಂಕಿಗೆ ಕೊಟ್ಟ ಸಾಲ. ಬ್ಯಾಂಕಿನ ಪುಸ್ತಕದಲ್ಲಿ ಅದು ಅವರು ನಮಗೆ ತೀರಿಸಬೇಕಾದ ಋಣ, ಆದ್ದರಿಂದ ಕ್ರೆಡಿಟ್. ನಮ್ಮ ಪುಸ್ತಕದಲ್ಲಿ ಅದು ನಮಗೆ ಬರಬೇಕಾದ ಆಸ್ತಿ, ಆದ್ದರಿಂದ ಡೆಬಿಟ್. ಬ್ಯಾಂಕ್ ನಮಗೆ ಕಳುಹಿಸುವ ಪಟ್ಟಿ ಅವರ ಪುಸ್ತಕದ ನಕಲು, ಅವರ ಕಡೆಯಿಂದ ನೋಡಿದ ಚಿತ್ರ. ಒಂದೇ ಹಣ, ಒಬ್ಬರಿಗೆ ಆಸ್ತಿ, ಇನ್ನೊಬ್ಬರಿಗೆ ಋಣ. ಈ ಮಾತು ಮುಂದೆ ಬೇರೆ ಕಡೆಯಿಂದ ತಿರುಗಿ ನನ್ನ ಬಳಿಗೇ ಬರುತ್ತದೆಂದು ಆಗ ಹೊಳೆದಿರಲಿಲ್ಲ.

ಹೊಂದಾಣಿಕೆಯ ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಎಡಗಡೆ ನಗದು ಪುಸ್ತಕ, ಬಲಗಡೆ ಬ್ಯಾಂಕಿನ ಪಟ್ಟಿ. ಎರಡರಲ್ಲೂ ಇರುವ ಪ್ರತಿ ಮೊತ್ತಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಬೇಕು. ಹದಿನಾಲ್ಕು ತಿಂಗಳನ್ನು ಒಟ್ಟಿಗೆ ಹಿಡಿಯದೆ ಒಂದೊಂದೇ ತಿಂಗಳನ್ನು ಮುಗಿಸುತ್ತ ಬಂದೆ. ನಾಲ್ಕು ಸಂಜೆ ಹಿಡಿಯಿತು. ಕೊನೆಗೆ ಗುರುತು ಬೀಳದೆ ಉಳಿದವು ಕೆಲವೇ ಸಾಲುಗಳು, ಅವು ಎರಡು ಜಾತಿಯವು.

ಒಂದು, ಕಾಲದ ವ್ಯತ್ಯಾಸ. ನಾವು ಬರೆದುಕೊಟ್ಟಿದ್ದ ಎರಡು ಚೆಕ್ಕುಗಳು, 3,400 ಮತ್ತು 1,150, ಇನ್ನೂ ಬ್ಯಾಂಕಿಗೆ ಬಂದೇ ಇರಲಿಲ್ಲ. ಚೆಕ್ ಬರೆದ ದಿನವೇ ನಮ್ಮ ಪುಸ್ತಕದಲ್ಲಿ ಹಣ ಕಳೆಯುತ್ತದೆ, ಬ್ಯಾಂಕಿನಲ್ಲಿ ಅದು ಪಾವತಿಯಾದ ದಿನ ಕಳೆಯುತ್ತದೆ. ಹಾಗೆಯೇ ವರ್ಷದ ಕೊನೆಯ ದಿನ ನಾವು ಕಟ್ಟಿದ್ದ 2,000ದ ಚೆಕ್ ಬ್ಯಾಂಕಿನಲ್ಲಿ ಜಮೆಯಾದದ್ದು ಎರಡು ದಿನ ತಡವಾಗಿ. ಇವುಗಳಿಗೆ ನಮ್ಮ ಪುಸ್ತಕದಲ್ಲಿ ಏನನ್ನೂ ತಿದ್ದಬಾರದು. ಪಟ್ಟಿ ಮಾಡಿಟ್ಟು, ಮುಂದಿನ ತಿಂಗಳು ಅವು ಬ್ಯಾಂಕಿನಲ್ಲಿ ಕಾಣಿಸಿದವೇ ಎಂದು ನೋಡಬೇಕು, ಅಷ್ಟೇ. 48,215ರಲ್ಲಿ 4,550 ಕಳೆದು 2,000 ಕೂಡಿದರೆ 45,665. ವರ್ಷದ ಕೊನೆಗೆ ನಿಜವಾಗಿ ಇರಬೇಕಾದ ಶಿಲ್ಕು ಇದು.

ಇನ್ನೊಂದು, ಬ್ಯಾಂಕಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ ಸಂಗತಿಗಳು. ಸೇವಾ ಶುಲ್ಕ ಎಂದು 236 ಕಳೆದಿದ್ದರು, ಬಡ್ಡಿ ಎಂದು 412 ಹಾಕಿದ್ದರು. ಯಾರೋ ನೇರವಾಗಿ ಖಾತೆಗೆ 1,500 ಕಳುಹಿಸಿದ್ದರು. ಇವನ್ನು ನಮ್ಮ ಪುಸ್ತಕದಲ್ಲಿ ಬರೆಯಲೇಬೇಕು. ಆ 1,500 ಯಾರದೆಂದು ತಿಳಿಯುವವರೆಗೆ ಅದನ್ನು ದೇಣಿಗೆ ಎಂದು ಊಹಿಸಿ ಬರೆಯದೆ ಅಮಾನತು ಖಾತೆಯಲ್ಲಿಟ್ಟೆ. ವಾರ ಕಳೆದ ಮೇಲೆ ಗೊತ್ತಾಯಿತು, ಅದು ಒಬ್ಬ ಸದಸ್ಯೆ ಕಟ್ಟಿದ ಬಾಕಿ ಚಂದಾ. ಅವರು ಹಣ ಕಳುಹಿಸಿ ಏಳು ತಿಂಗಳಾಗಿತ್ತು. ಆ ಏಳು ತಿಂಗಳೂ ಅವರ ಹೆಸರು ಬಾಕಿದಾರರ ಪಟ್ಟಿಯಲ್ಲೇ ಇತ್ತು. ಎರಡು ಸಲ ನೆನಪಿನ ಪತ್ರವೂ ಹೋಗಿತ್ತು. ಮೂರನೆಯದು ಬರುವ ಮೊದಲೇ ಅವರು ವಾಚನಾಲಯಕ್ಕೆ ಬರುವುದನ್ನು ನಿಲ್ಲಿಸಿದ್ದರು. ಲಕೋಟೆ ಒಡೆದು ಒಂದು ಸಾಲು ಓದಿದ್ದರೆ ಆ ಅವಮಾನ ಅವರಿಗೆ ಆಗುತ್ತಿರಲಿಲ್ಲ. ನಾನೇ ಹೋಗಿ ರಸೀದಿ ಕೊಟ್ಟು ಕ್ಷಮೆ ಕೇಳಿ ಬಂದೆ.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಪುಸ್ತಕದ ಶಿಲ್ಕು 45,845 ಆಯಿತು. ಇರಬೇಕಾದದ್ದು 45,665. ಇನ್ನೂ 180 ಉಳಿದಿತ್ತು. ಪುಸ್ತಕದಲ್ಲಿ ಹೆಚ್ಚು, ಬ್ಯಾಂಕಿನಲ್ಲಿ ಕಡಿಮೆ. ನೋಡಿದವರು ಹಣ ಕಾಣೆಯಾಗಿದೆ ಎಂದೇ ಹೇಳುವಂತಿತ್ತು.

ಹಳೆಯ ಖಜಾಂಚಿಯವರಿಗೆ ವಿಷಯ ತಿಳಿಸಿದೆ. ಅವರ ಮುಖ ಚಿಕ್ಕದಾಯಿತು. “ಹನ್ನೊಂದು ವರ್ಷ ಮಾಡಿದ್ದಕ್ಕೆ ಇಷ್ಟೇ ಬೆಲೆಯೇ? 180 ತಾನೇ, ನಾನೇ ಕೈಯಿಂದ ಹಾಕುತ್ತೇನೆ, ಮುಗಿಸಿಬಿಡಿ” ಎಂದರು. ಅವರು ಆಗಲೇ ಜೇಬಿಗೆ ಕೈ ಹಾಕಿದ್ದರು. ನಾನು ಬೇಡವೆಂದೆ. ಹಾಗೆ ಹಾಕಿದರೆ ಶಿಲ್ಕು ಸರಿಹೋಗುತ್ತದೆ, ತಪ್ಪು ಮಾತ್ರ ಪುಸ್ತಕದಲ್ಲಿ ಹಾಗೆಯೇ ಉಳಿಯುತ್ತದೆ. ಇಲ್ಲದ ವ್ಯವಹಾರವೊಂದು ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮಾಡದ ತಪ್ಪಿಗೆ ಅವರು ದಂಡ ಕಟ್ಟಿದಂತಾಗುತ್ತದೆ. “ನಿಮ್ಮ ಮೇಲೆ ಅನುಮಾನವಿದ್ದರೆ ಹಣ ತೆಗೆದುಕೊಳ್ಳುತ್ತಿದ್ದೆ. ಇಲ್ಲವಾದ್ದರಿಂದಲೇ ಹುಡುಕೋಣ ಎನ್ನುತ್ತೇನೆ” ಎಂದೆ. ಅವರು ಮಾತಾಡಲಿಲ್ಲ. ಆದರೆ ಮರುದಿನ ಬಂದು ನನ್ನ ಎದುರು ಕುಳಿತರು.

ಲೆಕ್ಕ ಬರೆಯುವವರಲ್ಲಿ ಬಾಯಿಂದ ಬಾಯಿಗೆ ಬಂದ ಒಂದು ಉಪಾಯವಿದೆ. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದೆಂದು ಮೊದಲು ಶಂಕಿಸಬೇಕು. ಕಾರಣ ಸರಳ. 86 ಎಂಬುದನ್ನು 68 ಎಂದು ಬರೆದರೆ ವ್ಯತ್ಯಾಸ 18. ಹತ್ತರ ಮತ್ತು ಬಿಡಿ ಸ್ಥಾನದ ಅಂಕಿಗಳನ್ನು ತಿರುಗಿಸಿದರೆ, ಆ ಅಂಕಿಗಳ ನಡುವಿನ ಅಂತರದ ಒಂಬತ್ತರಷ್ಟು ವ್ಯತ್ಯಾಸ ಬರುತ್ತದೆ, ನೂರರ ಮತ್ತು ಹತ್ತರ ಸ್ಥಾನದವನ್ನು ತಿರುಗಿಸಿದರೆ ತೊಂಬತ್ತರಷ್ಟು. ಒಂದು ಸೊನ್ನೆ ತಪ್ಪಿ 1,250 ಎಂಬುದು 125 ಆದರೂ ವ್ಯತ್ಯಾಸ 9ರಿಂದ ಭಾಗವಾಗುತ್ತದೆ. ಮೊತ್ತವನ್ನು ತಪ್ಪು ಬದಿಗೆ ಬರೆದಿದ್ದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟಿರುತ್ತದೆ, ಆದ್ದರಿಂದ ಅರ್ಧ ಮಾಡಿ ಹುಡುಕಬೇಕು. 90ರ ಸಾಲು ಎಲ್ಲೂ ಇರಲಿಲ್ಲ. 180ನ್ನು 9ರಿಂದ ಭಾಗಿಸಿದರೆ 20. ಅಂದರೆ ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳು ತಿರುಗಿರಬೇಕು, ಅವುಗಳ ನಡುವೆ ಎರಡರ ಅಂತರವಿರಬೇಕು.

ಅಂಥ ಸಾಲುಗಳು ಪುಸ್ತಕದಲ್ಲಿ ಒಂಬತ್ತು ಸಿಕ್ಕವು. ಐದನೆಯದರಲ್ಲಿ ಹಿರಿಯರ ಬೆರಳು ನಿಂತಿತು. ಪುಸ್ತಕ ಕಟ್ಟಿಸಿದ ಬಾಬ್ತು 1,683. ಬ್ಯಾಂಕಿನ ಪಟ್ಟಿಯಲ್ಲಿ 1,863. ಆ ಸಾಲಿಗೆ ನಾನೇ ಪೆನ್ಸಿಲಿನ ಗುರುತು ಹಾಕಿದ್ದೆ! ಅವೇ ನಾಲ್ಕು ಅಂಕಿಗಳಿದ್ದರೆ ಕಣ್ಣು ಎರಡನ್ನೂ ಒಂದೇ ಎಂದು ಓದಿಬಿಡುತ್ತದೆ. ಇವೆರಡರಲ್ಲಿ ಯಾವುದು ಸರಿಯೆಂದು ಹೇಳಬೇಕಾದದ್ದು ಬಿಲ್ಲು. ದಾರದಿಂದ ಅದನ್ನು ಬಿಡಿಸಿ ತೆಗೆದರೆ ಬರಿಯ ಬಿಳಿ ಕಾಗದ. ಶಾಖದಿಂದ ಅಚ್ಚಾಗುವ ನುಣುಪು ಕಾಗದದ ಬಿಲ್ಲು ಅದು. ಬೆಳಕು ಮತ್ತು ಬಿಸಿ ತಾಗಿದರೆ ಅದರ ಅಕ್ಷರ ತಿಂಗಳುಗಳಲ್ಲೇ ಮಾಸುತ್ತದೆ. ಭದ್ರವಾಗಿರಲೆಂದು ಕೆಲವು ಬಗೆಯ ಪ್ಲಾಸ್ಟಿಕ್ ಕವರಿನೊಳಗೆ ಹಾಕಿದರೆ ಇನ್ನೂ ಬೇಗ ಮಾಸುತ್ತದೆ. ಹಿರಿಯರು ಅದನ್ನು ಕಿಟಕಿಯ ಬಳಿಗೆ ಒಯ್ದು, ಕಣ್ಣಿನ ಮಟ್ಟಕ್ಕೆ ಎತ್ತಿ, ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರು. ಒಂದು ಕೋನದಲ್ಲಿ ಮಾತ್ರ ಬೂದು ನೆರಳಿನ ಹಾಗೆ ಮೊತ್ತ ಮೂಡಿತು. ಒಂದು, ಎಂಟು, ಆರು, ಮೂರು. ಅವರು ಅದನ್ನು ಮೂರು ಸಲ ಗಟ್ಟಿಯಾಗಿ ಓದಿದರು. ಆಮೇಲೆ ಕುರ್ಚಿಯಲ್ಲಿ ಕುಳಿತು ಕನ್ನಡಕ ತೆಗೆದು ಒರೆಸಿಕೊಂಡರು.

ತಿದ್ದುಪಡಿಯನ್ನು ಅವರ ಎದುರಿಗೇ ಮಾಡಿದೆ. ಹಳೆಯ ಅಂಕಿಯನ್ನು ಉಜ್ಜಿ ಅಳಿಸಲಿಲ್ಲ, ಬಿಳಿ ಬಣ್ಣವನ್ನೂ ಬಳಿಯಲಿಲ್ಲ. ಕಳೆದ ವರ್ಷದ ಪುಟವನ್ನು ಇದ್ದಂತೆಯೇ ಬಿಟ್ಟು, 180ಕ್ಕೆ ಹೊಸ ನಮೂದು ಬರೆದು, ಪಕ್ಕದಲ್ಲಿ ಕಾರಣ ಮತ್ತು ಹಳೆಯ ಪುಟದ ಸಂಖ್ಯೆಯನ್ನು ದಾಖಲಿಸಿದೆ. ತಪ್ಪು ಎಲ್ಲಿತ್ತು, ಯಾವಾಗ ಸಿಕ್ಕಿತು, ಯಾರು ತಿದ್ದಿದರು ಎಂಬುದೆಲ್ಲ ಹತ್ತು ವರ್ಷದ ನಂತರ ತೆರೆದು ನೋಡುವವರಿಗೂ ಕಾಣಬೇಕು. 45,665, ಅಲ್ಲೂ ಅದೇ, ಇಲ್ಲೂ ಅದೇ. ಆ ರಾತ್ರಿ ನನಗಾದ ಸಂತೋಷವನ್ನು ಲೆಕ್ಕ ಬರೆದವರೇ ಬಲ್ಲರು.

ಆದರೆ ಕೆಲಸ ಮುಗಿದಿರಲಿಲ್ಲ. ನಿಜವಾದ ಪ್ರಶ್ನೆ ಇನ್ನೂ ಯಾರ ಬಾಯಲ್ಲೂ ಬಂದಿರಲಿಲ್ಲ.

ಲೆಕ್ಕ ಪರಿಶೋಧನೆಗೆ ಬಂದವರು ಮೆಲುಮಾತಿನ ಒಬ್ಬ ಮಹಿಳೆ. ಹೊಂದಾಣಿಕೆ ಪಟ್ಟಿಯನ್ನು ಐದೇ ನಿಮಿಷದಲ್ಲಿ ನೋಡಿ ಮುಗಿಸಿದರು. ಎಲ್ಲ ಖಾತೆಗಳ ಡೆಬಿಟ್ ಮತ್ತು ಕ್ರೆಡಿಟ್ ಶಿಲ್ಕುಗಳನ್ನು ಎದುರುಬದುರು ಬರೆದ ತಾಳೆ ಪಟ್ಟಿಯ ಎರಡು ಬದಿಗಳೂ ಕೂಡಿದ್ದನ್ನು ನಾನು ತೋರಿಸಿದಾಗ, “ಒಳ್ಳೆಯದು. ಆದರೆ ಇದು ಕೂಡಿಕೆ ಸರಿ ಎಂದಷ್ಟೇ ಹೇಳುತ್ತದೆ” ಎಂದರು. ಬರೆಯದೇ ಬಿಟ್ಟ ವ್ಯವಹಾರವನ್ನು ತಾಳೆ ಪಟ್ಟಿ ತೋರಿಸುವುದಿಲ್ಲ. ಮೊತ್ತ ಸರಿಯಿದ್ದು ತಪ್ಪು ಖಾತೆಗೆ ಹೋದದ್ದನ್ನೂ ತೋರಿಸುವುದಿಲ್ಲ. ಆಮೇಲೆ ಅವರು ಕೈಗೆತ್ತಿಕೊಂಡದ್ದು ನಾನು ಮೊತ್ತಗಳಿಗಾಗಿ ಮಾತ್ರ ತಿರುವಿಹಾಕಿದ್ದ ರಸೀದಿ ಪುಸ್ತಕಗಳನ್ನು. ಪ್ರತಿ ನಕಲು ಪ್ರತಿಯನ್ನೂ ಓದುತ್ತ ಹೋದರು. ಮೂರನೆಯ ಪುಸ್ತಕದ ನಡುವೆ ನಿಂತರು. 20,000ದ ದೇಣಿಗೆಯ ರಸೀದಿ. ಅದರ ಹಿಂದೆ ಮಡಚಿ ಪಿನ್ ಹಾಕಿದ್ದ ಪತ್ರ. ತೀರಿಕೊಂಡ ಪತಿಯ ನೆನಪಿಗಾಗಿ ಒಬ್ಬರು ಕೊಟ್ಟ ಹಣ. ಕೊನೆಯ ದಿನಗಳಲ್ಲಿ ಅವರಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ದೃಷ್ಟಿಯಿಲ್ಲದವರು ಕೇಳಬಹುದಾದ ಧ್ವನಿ ಪುಸ್ತಕಗಳಿಗೇ ಇದನ್ನು ಬಳಸಬೇಕು ಎಂದು ಪತ್ರದಲ್ಲಿ ಅಡಿಗೆರೆ ಎಳೆದು ಬರೆದಿತ್ತು.

“ಧ್ವನಿ ಪುಸ್ತಕ ಎಷ್ಟು ಕೊಂಡಿದ್ದೀರಿ?”

ಒಂದೂ ಇಲ್ಲ. ಪುಸ್ತಕದಲ್ಲಿ ಆ 20,000 ಇತರ ದೇಣಿಗೆಗಳ ಜೊತೆ ಸೇರಿ ಒಂದೇ ಸಾಲಾಗಿತ್ತು.

ಆಗ ಅವರು ಒಂದು ಖಾಲಿ ಹಾಳೆ ತೆಗೆದುಕೊಂಡು ಮೇಲೆ 45,665 ಎಂದು ಬರೆದರು. “ಇದು ಬ್ಯಾಂಕಿನಲ್ಲಿದೆ. ಇದರಲ್ಲಿ ಯಾರ್‍ಯಾರ ಹಣವಿದೆ, ಹೇಳಿ” ಎಂದರು. ಸದಸ್ಯತ್ವ ಬಿಡುವಾಗ ಹಿಂದಿರುಗಿಸಬೇಕಾದ ಠೇವಣಿ 18,000. ಮುಂದಿನ ವರ್ಷದ್ದೆಂದು ಈಗಲೇ ಬಂದಿರುವ ಚಂದಾ 12,000. ಆ ವರ್ಷ ವಾಚನಾಲಯ ನಡೆಸಿಕೊಟ್ಟ ಮೇಲೆಯೇ ಅದು ನಮ್ಮ ಆದಾಯ, ಅಲ್ಲಿಯವರೆಗೆ ಋಣ. ಧ್ವನಿ ಪುಸ್ತಕಕ್ಕೆಂದು ಬಂದದ್ದು 20,000. ಕೂಡಿದರೆ 50,000. ಬ್ಯಾಂಕಿನಲ್ಲಿದ್ದದ್ದಕ್ಕಿಂತ 4,335 ಹೆಚ್ಚು.

ನಾನು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತ ಕುಳಿತೆ. ನಮ್ಮದು ಎಂದುಕೊಂಡಿದ್ದ ಹಣದಲ್ಲಿ ಒಂದು ಕಾಸೂ ನಮ್ಮದಾಗಿರಲಿಲ್ಲ. ನಾವು ಇಟ್ಟ ಹಣ ಬ್ಯಾಂಕಿಗೆ ಹೇಗೆ ಋಣವೋ ಹಾಗೆಯೇ ಇವರೆಲ್ಲ ನಮ್ಮಲ್ಲಿಟ್ಟ ಹಣ ನಮಗೆ ಋಣ. ಬ್ಯಾಂಕಿನ ಪುಸ್ತಕವನ್ನು ಅವರ ಕಡೆಯಿಂದ ಓದಲು ಕಲಿತ ನಾನು, ನಮ್ಮ ಪುಸ್ತಕವನ್ನು ಹಣ ಕೊಟ್ಟವರ ಕಡೆಯಿಂದ ಓದಿರಲೇ ಇಲ್ಲ. ಯಾರೂ ಕದ್ದಿರಲಿಲ್ಲ. ಮಳೆಗೆ ಸೋರುತ್ತಿದ್ದ ಸೂರಿನ ದುರಸ್ತಿ, ಹೊಸ ಕಪಾಟು, ಎಲ್ಲವೂ ಬೇಕಾದ ಖರ್ಚುಗಳೇ. ಪ್ರತಿ ಸಲವೂ ಸಮಿತಿ ಕೇಳಿದ್ದು ಒಂದೇ ಪ್ರಶ್ನೆ, ಖಾತೆಯಲ್ಲಿ ಹಣ ಇದೆಯೇ? ಇದೆ ಎಂಬ ಉತ್ತರ ಸುಳ್ಳೂ ಆಗಿರಲಿಲ್ಲ.

ಪ್ರತಿ ವ್ಯವಹಾರವನ್ನೂ ಒಂದು ಖಾತೆಯ ಡೆಬಿಟ್ ಬದಿಗೂ ಇನ್ನೊಂದರ ಕ್ರೆಡಿಟ್ ಬದಿಗೂ ಬರೆಯುವ ಜೋಡಿ ನಮೂದು ಪದ್ಧತಿಯನ್ನು ಮೊದಲ ಬಾರಿಗೆ ಅಚ್ಚಿನಲ್ಲಿ ವಿವರಿಸಿದವರು ಲೂಕಾ ಪಾಚೋಲಿ ಎಂಬ ಗಣಿತಜ್ಞ ಸನ್ಯಾಸಿ. 1494ರಲ್ಲಿ ವೆನಿಸ್‌ನಲ್ಲಿ ಅವರ ಗ್ರಂಥ ಅಚ್ಚಾಯಿತು. ಪದ್ಧತಿಯನ್ನು ಹುಟ್ಟಿಸಿದವರು ಅವರಲ್ಲ, ಅಲ್ಲಿನ ವರ್ತಕರು ಆಗಲೇ ಬಳಸುತ್ತಿದ್ದುದನ್ನು ಬರೆದಿಟ್ಟರು. ಲೆಕ್ಕದ ಪುಸ್ತಕ ತೆರೆಯುವ ಮೊದಲು ತನ್ನಲ್ಲಿರುವುದೇನು, ತನಗೆ ಕೊಡಬೇಕಾದವರು ಯಾರು, ತಾನು ಕೊಡಬೇಕಾದದ್ದು ಯಾರಿಗೆ ಎಂಬ ಪಟ್ಟಿಯನ್ನು ಮಾಡಿಕೊಳ್ಳಬೇಕೆಂದು ಅವರು ಆರಂಭದಲ್ಲೇ ಹೇಳುತ್ತಾರೆ. ಐನೂರು ವರ್ಷ ಹಳೆಯ ಆ ಮೊದಲ ಹೆಜ್ಜೆಯನ್ನು ನಾವು ಇಟ್ಟೇ ಇರಲಿಲ್ಲ.

ಸಮಿತಿಯ ಸಭೆ ಸುಲಭವಾಗಿರಲಿಲ್ಲ. ಈ ವರ್ಷ ಇದನ್ನು ವರದಿಯಲ್ಲಿ ಹಾಕುವುದು ಬೇಡ, ಸದ್ದಿಲ್ಲದೆ ಸರಿಮಾಡೋಣ, ದೇಣಿಗೆ ಕೊಡುವವರು ಹಿಂಜರಿಯುತ್ತಾರೆ ಎಂಬ ಮಾತು ಬಂತು. ಅವರ ಆತಂಕ ನನಗೆ ಅರ್ಥವಾಗುತ್ತಿತ್ತು. ಆದರೂ ಒಪ್ಪಲಿಲ್ಲ. ಲೆಕ್ಕ ಇಡುವುದು ನಮ್ಮ ಅನುಕೂಲಕ್ಕಿರಬಹುದು, ಲೆಕ್ಕ ಒಪ್ಪಿಸುವುದು ಹಣ ಕೊಟ್ಟವರ ಹಕ್ಕು. ಒಪ್ಪಿಸುವಾಗ ಏನನ್ನು ಮರೆಮಾಡಬೇಕೆಂದು ನಾವೇ ಆರಿಸಿಕೊಂಡರೆ ಅದು ಒಪ್ಪಿಸಿದಂತಾಗುವುದಿಲ್ಲ. ನನ್ನ ಪರವಾಗಿ ಮೊದಲು ಮಾತಾಡಿದವರು ಹಳೆಯ ಖಜಾಂಚಿಯವರೇ. “ಬರೆಯಿರಿ. ನನ್ನ ಕಾಲದ್ದೆಂದೂ ಬರೆಯಿರಿ” ಎಂದರು.

ಆಮೇಲೆ ಮಾಡಿದ ಬದಲಾವಣೆಗಳು ಹೇಳಿಕೊಳ್ಳುವಷ್ಟು ದೊಡ್ಡವಲ್ಲ. ನಿರ್ದಿಷ್ಟ ಉದ್ದೇಶದ ದೇಣಿಗೆಗಳಿಗೆ ಬೇರೆ ಖಾತೆ ಪುಟ. ಚಿಲ್ಲರೆ ಖರ್ಚಿಗೆ ನಿಗದಿತ ಮೊತ್ತದ ಒಂದು ಡಬ್ಬಿ, ಯಾವ ಗಳಿಗೆಯಲ್ಲಿ ಎಣಿಸಿದರೂ ಅದರಲ್ಲಿರುವ ನಗದು ಮತ್ತು ವೋಚರುಗಳು ಸೇರಿ ಆ ಮೊತ್ತವೇ ಆಗಬೇಕು. ಬಿಲ್ಲು ಕೈಗೆ ಬಂದ ದಿನವೇ ಅದರ ಛಾಯಾಪ್ರತಿ. ಮುಖ್ಯವಾದದ್ದು, ಹಣ ಪಡೆಯುವವರು ಒಬ್ಬರು, ಪುಸ್ತಕ ಬರೆಯುವವರು ಇನ್ನೊಬ್ಬರು, ತಿಂಗಳ ಹೊಂದಾಣಿಕೆ ನೋಡುವವರು ಮತ್ತೊಬ್ಬರು. ಪುಟ್ಟ ಸಂಘಕ್ಕೆ ಇಷ್ಟೆಲ್ಲ ಏಕೆ ಎಂದರು ಕೆಲವರು. 1762ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಬೇರಿಂಗ್ಸ್ ಬ್ಯಾಂಕ್ 1995ರಲ್ಲಿ ಮುಳುಗಿದ್ದರ ಮುಖ್ಯ ಕಾರಣಗಳಲ್ಲಿ ಕೆಲಸವನ್ನು ಹೀಗೆ ಹಂಚದಿದ್ದುದೂ ಒಂದು. ಸಿಂಗಪುರದ ಅದರ ಅಂಗಸಂಸ್ಥೆಯಲ್ಲಿ ವ್ಯವಹಾರ ಮಾಡುವವನೂ ಆ ವ್ಯವಹಾರದ ಲೆಕ್ಕ ತೀರಿಸುವ ವಿಭಾಗವನ್ನು ನೋಡಿಕೊಳ್ಳುವವನೂ ಒಬ್ಬನೇ ಆಗಿದ್ದ. ನಷ್ಟವನ್ನು ಅವನು ಒಂದು ಖಾತೆಯಲ್ಲಿ ಬಚ್ಚಿಡುತ್ತ ಹೋದ. ಕೊನೆಗೆ ಅದು 80 ಕೋಟಿ ಪೌಂಡ್ ದಾಟಿತ್ತು. ನಮ್ಮಲ್ಲಿ ಅಂಥವರು ಇಲ್ಲ. ಆದರೆ ಹನ್ನೊಂದು ವರ್ಷ ಎಲ್ಲವನ್ನೂ ಒಬ್ಬರ ತಲೆಯ ಮೇಲೆ ಹೊರಿಸಿ, 180 ಕಡಿಮೆ ಬಂದಾಗ ಅವರು ಜೇಬಿಗೆ ಕೈ ಹಾಕುವಂತೆ ಮಾಡಿದವರು ನಾವೇ. ಕೆಲಸ ಹಂಚಿದ್ದರೆ ಆ ಹೊರೆಯೂ ಹಂಚಿಹೋಗುತ್ತಿತ್ತು.

ಕೊರತೆಯ 4,335ನ್ನು ಸದಸ್ಯರ ಚಂದಾ ಹೆಚ್ಚಿಸದೆ, ಹೊಸ ಕುರ್ಚಿಗಳನ್ನು ಕೊಳ್ಳುವುದನ್ನು ಮುಂದೂಡಿ, ಮೂರು ಕಂತುಗಳಲ್ಲಿ ತುಂಬಿಸುವುದೆಂದು ಸರ್ವಸದಸ್ಯರ ಸಭೆ ತೀರ್ಮಾನಿಸಿತು.

ದೇಣಿಗೆ ಕೊಟ್ಟವರ ಮನೆಗೆ ಹಳೆಯ ಖಜಾಂಚಿಯವರೂ ನನ್ನ ಜೊತೆ ಬಂದರು. ಎಂಬತ್ತರ ಹತ್ತಿರದ ಹಿರಿಯೆ ಅವರು. ಆದದ್ದನ್ನೆಲ್ಲ ಹೇಳಿದೆವು. ಅವರು ಸಿಟ್ಟಾಗಲಿಲ್ಲ, “ಪರವಾಗಿಲ್ಲ ಬಿಡಿ” ಎಂದೂ ಹೇಳಲಿಲ್ಲ. ಲೆಕ್ಕದ ಹಾಳೆಯನ್ನು ಕೇಳಿ ಪಡೆದರು. ಭೂತಗನ್ನಡಿ ಹಿಡಿದು, ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಾಡಿಸುತ್ತ ಓದಿದರು. ಬಹಳ ಹೊತ್ತು ಹಿಡಿಯಿತು. ನಾವಿಬ್ಬರೂ ಸುಮ್ಮನೆ ಕುಳಿತಿದ್ದೆವು. ಕೊನೆಯ ಸಾಲಿನ ಬಳಿ ಬೆರಳು ನಿಂತಿತು.

“ಈ ಮೂರನೆಯ ಕಂತು ಯಾವತ್ತು?”

ತಾರೀಖು ಹೇಳಿದೆ. ಅವರು ನನ್ನ ಪೆನ್ನು ಕೇಳಿ ತೆಗೆದುಕೊಂಡು, ಆ ಸಾಲಿನ ಪಕ್ಕದಲ್ಲಿ ಅದನ್ನು ಬರೆದುಕೊಂಡರು.